ಬಂದೂಕು ವಾಲಿದರೆ ಗುಂಡು ಎಲ್ಲಿಗೆ ಹೋಗುತ್ತದೆ?



ಕಳೆದ ಕೈಲ್ ಪೊಳ್ದ್ ಹಬ್ಬಕ್ಕೆ ನಮ್ಮೂರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಬಂದೂಕಿಗೆ ತೋಕ್ ಪೂ ಇಟ್ಟು ಪೂಜೆ ಆದ ಮೇಲೆ ಗುರಿ ಹೊಡೆಯುವುದು ನಮ್ಮ ಕೊಡಗಿನ ಪದ್ಧತಿ. ನನ್ನ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಮೂರು ಗುಂಡು ಹೊಡೆದ. ಮೂರೂ ತಪ್ಪಿದವು. ಆಗ ನಾನು ಎಲ್ಲರಿಗೂ ಕೇಳುವ ಹಾಗೆ, "ಬಂದೂಕು ಓರೆ ಹಿಡಿದಿದ್ದೀಯ, ಕಾಯಿ ಹೇಗೆ ಬೀಳ್ತದೆ?" ಎಂದು ಕೂಗಿಬಿಟ್ಟೆ. ಎಲ್ಲರೂ ನಕ್ಕರು. ಅಣ್ಣ ಆಮೇಲೆ ನನ್ನ ಹತ್ತಿರ ಎರಡು ವಾರ ಮಾತೇ ಆಡಲಿಲ್ಲ.

ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಬೇಕು ಅನ್ನಿಸಿತು. ವಿಜ್ಞಾನ ಮಾಸ್ತರರನ್ನು ಕೇಳಿ, ಲೆಕ್ಕ ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾಲುವುದು ಅಂದರೇನು?

ಬಂದೂಕಿನ ತುದಿ ಮೇಲೆ ಕೆಳಗೆ ಹೋಗುವುದಲ್ಲ, ಎಡಕ್ಕೆ ಬಲಕ್ಕೆ ಹೋಗುವುದೂ ಅಲ್ಲ. ಗುರಿ ಕಾಯಿಯ ಮೇಲೇ ಇರುತ್ತದೆ, ಆದರೆ ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ ಇಡೀ ಬಂದೂಕು ಸ್ವಲ್ಪ ಮಗ್ಗುಲಿಗೆ ತಿರುಗುತ್ತದೆ. ಇದೇ ವಾಲುವುದು. ಗುರಿ ಕಾಯಿಯ ಮೇಲೇ ಇದ್ದರೆ ಗುಂಡು ಯಾಕೆ ಬೇರೆ ಕಡೆ ಹೋಗಬೇಕು? ಇಲ್ಲೇ ಇರುವುದು ಗುಟ್ಟು.

ನಳಿಕೆ ನೇರವಾಗಿ ಗುರಿ ನೋಡುವುದಿಲ್ಲ

ನಳಿಕೆಯಿಂದ ಹೊರಟ ಗುಂಡು ಕೈಬಿಟ್ಟ ಕಲ್ಲಿನ ಹಾಗೆ ಬೀಳುತ್ತಲೇ ಮುಂದೆ ಹೋಗುತ್ತದೆ. ಭೂಮಿ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೇ ಬಂದೂಕಿನಲ್ಲಿ ಸೈಟನ್ನು, ಅಂದರೆ ಗುರಿ ನೋಡುವ ಕಂಡಿಯನ್ನು, ನಳಿಕೆ ಒಂದು ಚೂರು ಮೇಲೆ ನೋಡುವ ಹಾಗೆ ಹೊಂದಿಸಿರುತ್ತಾರೆ. ಕಣ್ಣು ಕಾಯಿಯನ್ನು ನೋಡುತ್ತದೆ, ನಳಿಕೆ ಕಾಯಿಗಿಂತ ಮೇಲೆ ನೋಡುತ್ತದೆ. ಗುಂಡು ಎಷ್ಟು ಬೀಳುತ್ತದೋ ಅಷ್ಟೇ ಮೇಲೆ. ಆಗ ಲೆಕ್ಕ ಸರಿಹೋಗುತ್ತದೆ.

ಬಂದೂಕು ಬಲಕ್ಕೆ ವಾಲಿದರೆ ಆ 'ಮೇಲೆ' ಎಂಬುದೂ ಬಲಕ್ಕೆ ವಾಲುತ್ತದೆ. ನಳಿಕೆ ಈಗ ಸ್ವಲ್ಪ ಬಲಕ್ಕೆ ನೋಡುತ್ತದೆ. ಆದರೆ ಭೂಮಿ ಎಳೆಯುವುದು ನೇರ ಕೆಳಕ್ಕೇ. ಹೀಗಾಗಿ ಗುಂಡು ಬಲಕ್ಕೆ ಮತ್ತು ಒಂದಿಷ್ಟು ಕೆಳಗೆ ಬೀಳುತ್ತದೆ. ಎಡಕ್ಕೆ ವಾಲಿದರೆ ಎಡಕ್ಕೆ.

ನೀವೇ ಮಾಡಿ ನೋಡಿ

ಇದಕ್ಕೆ ಬಂದೂಕು ಬೇಡ, ಮುಟ್ಟಲೂ ಬೇಡಿ. ಒಂದು ನೇರ ಕೋಲು ಮತ್ತು ನೀರಿನ ಪೈಪು ಸಾಕು. ಕೋಲಿನ ಮೇಲೆ ಪೈಪು ಕಟ್ಟಿ, ಪೈಪಿನ ಬಾಯಿಯ ಕೆಳಗೆ ಒಂದು ಮರದ ಚಕ್ಕೆ ಸಿಕ್ಕಿಸಿ ಬಾಯಿಯನ್ನು ಸ್ವಲ್ಪ ಎತ್ತಿ. ಕೋಲನ್ನು ದೂರದ ಬಕೆಟ್ಟಿನ ಕಡೆ ಹಿಡಿದು ನೀರು ಬಕೆಟ್ಟಿಗೇ ಬೀಳುವ ಹಾಗೆ ನಿಲ್ಲಿ. ಈಗ ಕೋಲಿನ ತುದಿ ಬಕೆಟ್ಟನ್ನೇ ನೋಡುತ್ತಿರಲಿ, ಕೀಲಿಯ ಹಾಗೆ ಬಲಕ್ಕೆ ತಿರುಗಿಸಿ. ನೀರು ಬಕೆಟ್ಟು ಬಿಟ್ಟು ಬಲಕ್ಕೆ ಬೀಳುತ್ತದೆ! ನಾನು ಮಾಡುವಾಗ ಅಮ್ಮ ಒಣಗಲು ಹಾಕಿದ್ದ ಕಾಫಿ ನೆನೆದು ಬೈಗುಳವೂ ಸಿಕ್ಕಿತು.

ಎಷ್ಟು ತಪ್ಪುತ್ತದೆ?

ಕಾಗದದ ಮೇಲೆ 10 ಸೆಂ.ಮೀ. ಗೆರೆ ಎಳೆದು ಕೋನಮಾಪಕದಿಂದ 5 ಡಿಗ್ರಿ ವಾಲಿಸಿದರೆ ತುದಿ ಸುಮಾರು 9 ಮಿ.ಮೀ. ಸರಿಯುತ್ತದೆ. ಅಂದರೆ 100ಕ್ಕೆ 9 ಪಾಲು. ಗುಂಡು ದಾರಿಯಲ್ಲಿ ಎಷ್ಟು ಬೀಳುತ್ತದೋ ಅದರಲ್ಲೂ 100ಕ್ಕೆ 9 ಪಾಲು ಪಕ್ಕಕ್ಕೆ ಹೋಗುತ್ತದೆ.

ಪಾಯಿಂಟ್ 22 ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. 50 ಮೀಟರ್ ಹೋಗಲು ಸುಮಾರು 0.16 ಸೆಕೆಂಡು. ಅಷ್ಟರಲ್ಲಿ ಅದು ಬೀಳುವುದು 4.9 × 0.16 × 0.16, ಅಂದರೆ 12.5 ಸೆಂ.ಮೀ. ಅದರಲ್ಲಿ 100ಕ್ಕೆ 9 ಪಾಲು ಅಂದರೆ 1.1 ಸೆಂ.ಮೀ. ಮಾತ್ರ!

ಇಲ್ಲಿಗೆ ಬಂದಾಗ ನನ್ನ ಕೈ ನಿಂತಿತು. ಅಡಿಗೆಮನೆಯಿಂದ ಸುಲಿದ ಕಾಯಿ ತಂದು ಅಳೆದೆ. ಅಗಲ 10 ಸೆಂ.ಮೀ. ನಡುವಿಗೆ ಇಟ್ಟ ಗುರಿ 1.1 ಸೆಂ.ಮೀ. ಸರಿದರೂ ಕಾಯಿ ಒಡೆಯಲೇಬೇಕು. ಅಣ್ಣ 10 ಡಿಗ್ರಿ ವಾಲಿಸಿದ್ದ ಅಂತಲೇ ಇಟ್ಟುಕೊಳ್ಳಿ, ಆಗಲೂ 2.2 ಸೆಂ.ಮೀ. ಅಷ್ಟೇ. ಕಾಯಿ ತಪ್ಪಿದ್ದು ವಾಲಿದ್ದರಿಂದ ಅಲ್ಲವೇ ಅಲ್ಲ.

ದೂರ ಹೆಚ್ಚಾದರೆ ಮಾತೇ ಬೇರೆ

ಇಂಗ್ಲೆಂಡಿನ ಬಿಸ್ಲೆ ಎಂಬಲ್ಲಿ 1000 ಗಜ, ಅಂದರೆ 914 ಮೀಟರ್ ದೂರದ ಗುರಿಗೂ ಸ್ಪರ್ಧೆ ನಡೆಯುತ್ತದೆ. ದೊಡ್ಡ ರೈಫಲಿನ ವೇಗದ ಗುಂಡಿಗೂ ಅಲ್ಲಿ ತಲುಪಲು ಒಂದೂವರೆ ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಅದು ಸುಮಾರು 10 ಮೀಟರ್ ಬೀಳುತ್ತದೆ. ಅಲ್ಲಿ 5 ಡಿಗ್ರಿ ವಾಲಿದರೆ ಗುಂಡು ಸುಮಾರು 90 ಸೆಂ.ಮೀ. ಪಕ್ಕಕ್ಕೆ, ಅಂದರೆ ಒಂಬತ್ತು ಕಾಯಿ ಸಾಲಾಗಿಟ್ಟಷ್ಟು ದೂರಕ್ಕೆ! ಒಂದೇ ಡಿಗ್ರಿ ವಾಲಿದರೂ 17 ಸೆಂ.ಮೀ. ಅದಕ್ಕೇ ದೂರದ ಗುರಿಕಾರರು ರೈಫಲಿನ ಮೇಲೆ ಪುಟ್ಟ ರಸಮಟ್ಟ ಇಟ್ಟುಕೊಳ್ಳುತ್ತಾರೆ. ಗೋಡೆ ಕಟ್ಟುವ ಮೇಸ್ತ್ರಿ ಇಡುತ್ತಾರಲ್ಲ, ಗುಳ್ಳೆ ನಡುವೆ ನಿಲ್ಲುವ ಅದೇ ರಸಮಟ್ಟ.

ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ 10 ಅಂಕದ ವೃತ್ತದ ಅಗಲ ಬರೀ 10.4 ಮಿ.ಮೀ. ನಮ್ಮ 1.1 ಸೆಂ.ಮೀ. ಅಲ್ಲಿ 10ನ್ನು 9 ಮಾಡಿಬಿಡುತ್ತದೆ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮಹಾರಾಷ್ಟ್ರದ ಸ್ವಪ್ನಿಲ್ ಕುಸಾಳೆ 50 ಮೀಟರ್ ಸ್ಪರ್ಧೆಯಲ್ಲೇ ಕಂಚು ಗೆದ್ದದ್ದು. ಇನ್ನೊಂದು ವಿಷಯ: ಕತ್ತು ನೆಟ್ಟಗಿರಲಿ ಎಂದು ಬೇಕೆಂದೇ ಸ್ವಲ್ಪ ವಾಲಿಸಿ ಹಿಡಿಯುವ ಗುರಿಕಾರರೂ ಇದ್ದಾರೆ. ಆ ವಾಲಿಗೆ ಸರಿಯಾಗಿ ಸೈಟ್ ಹೊಂದಿಸಿಕೊಂಡಿರುತ್ತಾರೆ. ಪ್ರತಿ ಸಲ ಒಂದೇ ಸಮ ಹಿಡಿದರೆ ತೊಂದರೆ ಇಲ್ಲ. ಒಂದು ಸಲ ಹಾಗೆ, ಒಂದು ಸಲ ಹೀಗೆ ಆದರೆ ಕೆಟ್ಟಿತು.

ಹಾಗಾದರೆ ಅಣ್ಣನ ಗುಂಡು ಯಾಕೆ ತಪ್ಪಿತು?

ಭಾನುವಾರ ಲೆಕ್ಕದ ಹಾಳೆ ತೆಗೆದುಕೊಂಡು ಹೋಗಿ ಅಣ್ಣನಿಗೆ ತೋರಿಸಿದೆ. "ನಾನು ಹೇಳಿದ್ದು ತಪ್ಪು" ಎಂದೆ. ಅವನು ಹಾಳೆಯನ್ನು ಎರಡು ಸಲ ಓದಿದ. ಆಮೇಲೆ, "ಜನ ನೋಡ್ತಿದ್ರಲ್ಲ, ಹೆದರಿ ಕುದುರೆ ಜೋರಾಗಿ ಎಳೆದುಬಿಟ್ಟೆ" ಅಂದ. ಅದನ್ನೂ ಲೆಕ್ಕ ಮಾಡಿದೆವು. ಕುದುರೆ ಎಳೆಯುವ ರಭಸಕ್ಕೆ ನಳಿಕೆಯ ತುದಿ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದರೆ 50 ಮೀಟರಿನಲ್ಲಿ 85 ಸೆಂ.ಮೀ.ಗಿಂತ ಹೆಚ್ಚು ತಪ್ಪುತ್ತದೆ! ಒಂದು ಡಿಗ್ರಿ ವಾಲಿದರೆ 2 ಮಿ.ಮೀ. ಮಾತ್ರ.

ಅವತ್ತು ನನ್ನ ಮಾತು ಕೇಳಿ ನಕ್ಕವರಲ್ಲಿ ನಮ್ಮ ತರಗತಿಯವರೂ ಇದ್ದರು. ಅವರು ಇದನ್ನು ಓದಲಿ ಎಂದೇ ಗೋಡೆ ಪತ್ರಿಕೆಗೆ ಬರೆದೆ. ಅಳೆಯದೆ ಕೂಗಿದ್ದು ನನ್ನ ತಪ್ಪು. ಮುಂದಿನ ಹಬ್ಬಕ್ಕೆ ಅಣ್ಣ ಮತ್ತೆ ಹೊಡೆಯುತ್ತಾನಂತೆ. ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ.

ಇತಿ ನಿಮ್ಮ ಗೆಳೆಯ,
7ನೇ ತರಗತಿ