ಪಹಣಿಯಲ್ಲಿ ಹೆಸರಿಲ್ಲದ ಕುರಿಗಾಹಿ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಮಳೆಯನ್ನು ನಂಬಿ ಕೆಟ್ಟವರುಂಟು, ಬಿಸಿಲು ಮಾತ್ರ ಎಂದೂ ಕೈಕೊಟ್ಟದ್ದಿಲ್ಲ. ಆ ಬಿಸಿಲಿಗೆ ಬೆಲೆ ಬಂದದ್ದು ಸುಮಾರು 13 ಸಾವಿರ ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ತಲೆಯೆತ್ತಿದಾಗ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಈ ಪಾರ್ಕ್ 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿತು. ರೈತರ ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಬಾಡಿಗೆ ನೀಡಿದ್ದು ಮೆಚ್ಚತಕ್ಕ ಕ್ರಮವೇ ಸರಿ. ಬರದಿಂದ ಬೇಸತ್ತ ಹಿಡುವಳಿದಾರನಿಗೆ ಅದು ಆಸರೆಯಾಯಿತು.

ಆದರೆ ಬಾಡಿಗೆ ಸಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೊಯ್ಲಾದ ಮೇಲೆ ಅದೇ ಹೊಲಗಳ ಕೂಳೆಯಲ್ಲಿ, ಬೀಳುಬಿಟ್ಟ ನೆಲದಲ್ಲಿ ಕುರಿ ಮೇಯಿಸುತ್ತಿದ್ದ ಭೂಹೀನರ ಹೆಸರು ಅಲ್ಲಿರಲಿಲ್ಲ. ಬೇಲಿ ಬಿದ್ದಲ್ಲಿಗೆ ಅವರ ಮೇವು ಮುಗಿಯಿತು; ಮಂದೆ ಮಾರಿದವರಿಗೆ ಪರಿಹಾರ ಕೇಳಲು ಕಾಗದವಿಲ್ಲ. ಕುರಿಗಾಹಿಗೂ ರೈತನಿಗೂ ನಡುವಣ ಒಪ್ಪಂದ ಮೊದಲಿನಿಂದಲೂ ಬಾಯಿಮಾತಿನದು. ರಾತ್ರಿ ಹೊಲದಲ್ಲಿ ಮಂದೆ ತರುಬಿದರೆ ಭೂಮಿಗೆ ಹಿಕ್ಕೆ ಗೊಬ್ಬರ, ಕುರಿಯವನಿಗೆ ಕಾಳೋ ಕಾಸೋ. ತಲೆಮಾರುಗಳಿಂದ ನಡೆದುಬಂದ ಈ ವಿನಿಮಯಕ್ಕೆ ಕಂದಾಯ ಇಲಾಖೆಯ ಕಡತದಲ್ಲಿ ಒಂದು ಕಲಮೂ ಇಲ್ಲ.

ಹವಾಮಾನ ನ್ಯಾಯವೆಂಬ ಮಾತು ಶೃಂಗಸಭೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಅಲ್ಲಿ ಕುರಿಗಾಹಿ ಬರುವುದು ಹೆಚ್ಚಾಗಿ ಆರೋಪಿಯಾಗಿ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ 18ರಷ್ಟು ಜಾನುವಾರು ಸಾಕಣೆಯದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2006ರಲ್ಲಿ ಹೇಳಿತು. 2013ರಲ್ಲಿ ಅದನ್ನೇ ಶೇ 14.5ಕ್ಕೆ ಇಳಿಸಿತು. ಕುರಿಯ ಹೊಟ್ಟೆಯಿಂದಲೂ ಮೀಥೇನ್ ಹೊರಡುತ್ತದೆ, ನಿಜ. ಆದರೆ ಕಾಡು ಕಡಿದು ಬೆಳೆದ ಸೋಯಾ ತಿನ್ನಿಸುವ ಮಾಂಸದ ಉದ್ಯಮವನ್ನೂ ಹೊಲದ ಕಸಕಡ್ಡಿ ತಿಂದು ಗೊಬ್ಬರ ಕೊಡುವ ಮಂದೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ಎಂಥ ಲೆಕ್ಕ?

ಹವಾಮಾನದ ಪೆಟ್ಟನ್ನಂತೂ ಅವನು ತಿನ್ನುತ್ತಲೇ ಇದ್ದಾನೆ. ಮಳೆ ತಪ್ಪಿದರೆ ಮೇವಿಲ್ಲ, ಬಿಡದೆ ಸುರಿದರೆ ನುಸಿಗಳು ಹೆಚ್ಚಿ ನೀಲಿನಾಲಿಗೆ ರೋಗ. ಈಗ ಆ ಪೆಟ್ಟಿಗೆ ಕಂಡುಕೊಂಡ ಮದ್ದೂ ಅವನ ಮೇವಿನ ನೆಲದ ಮೇಲೆಯೇ ಬೀಳುತ್ತಿದೆ. ಪಾಳುಭೂಮಿ ಎಂದು ನಾವು ಸಲೀಸಾಗಿ ಕರೆಯುವುದು ಅವನ ಹುಲ್ಲುಗಾವಲನ್ನು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾದಾಗಲೂ ಕಂಡದ್ದು ಇದನ್ನೇ. 2006ರ ಅರಣ್ಯ ಹಕ್ಕು ಕಾಯ್ದೆ ಪಶುಪಾಲಕರ ಋತುಮಾನದ ಹಕ್ಕನ್ನು ಮಾನ್ಯ ಮಾಡಿತು. ಆದರೆ ಅದು ಅರಣ್ಯ ಭೂಮಿಗೆ ಸೀಮಿತ, ರೈತನ ಹೊಲದ ಕೂಳೆಗೆ ಅನ್ವಯಿಸದು.

2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ 2022ರಲ್ಲೇ ಘೋಷಿಸಿತು. ಘೋಷಣೆಗಿಂತ ಸಣ್ಣದೊಂದು ಕೆಲಸ ನಮ್ಮ ಸರ್ಕಾರದ ಕೈಯಲ್ಲಿದೆ. ಅಮೆರಿಕದ ಹಲವು ಸೌರ ಸ್ಥಾವರಗಳಲ್ಲಿ ಫಲಕಗಳ ಕೆಳಗೆ ಬೆಳೆಯುವ ಹುಲ್ಲನ್ನು ತೆಗೆಯಲು ಯಂತ್ರದ ಬದಲು ಕುರಿಗಳನ್ನು ಬಿಡುತ್ತಾರೆ; ಮೇಯಿಸಿದ್ದಕ್ಕೆ ಮಂದೆಯ ಒಡೆಯನಿಗೆ ಹಣವನ್ನೂ ಕೊಡುತ್ತಾರೆ. ಮುಂದಿನ ಸೌರ ಪಾರ್ಕಿನ ಗುತ್ತಿಗೆ ಕರಾರಿನಲ್ಲಿ ಅಂಥ ಒಂದು ಷರತ್ತು ಸೇರಿಸಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ.