ಸೇರು, ಕೊಸರು, ಸಂತೆಯ ಜಾಗ

ದಾವಣಗೆರೆಯ ಮಂಡಕ್ಕಿ ಸಂತೆಗೆ ಬರುವುದು ಚೀಲದ ಲೆಕ್ಕದಲ್ಲಿ, ಗಿರಾಕಿಯ ಕೈ ಸೇರುವುದು ಸೇರಿನ ಲೆಕ್ಕದಲ್ಲಿ. ಭಟ್ಟಿಯಿಂದ ಮಾಲು ಎತ್ತಿ ಸಂತೆಯಲ್ಲಿ ಕೂರುವ ಸಣ್ಣ ವ್ಯಾಪಾರಿಯ ಲಾಭವೋ ಲುಕ್ಸಾನೋ ತೀರ್ಮಾನವಾಗುವುದು ಈ ಎರಡು ಲೆಕ್ಕಗಳ ನಡುವೆ.

ಭದ್ರಾ ನಾಲೆಯ ನೀರು ದಾವಣಗೆರೆ, ಹರಿಹರ ಸೀಮೆಯನ್ನು ಭತ್ತದ ನಾಡಾಗಿಸಿತು. ಭತ್ತದ ಹಿಂದೆ ರೈಸ್‌ಮಿಲ್ಲುಗಳು ಬಂದವು, ಅದೇ ಭತ್ತ ಮಂಡಕ್ಕಿ ಭಟ್ಟಿಗಳಿಗೂ ಆಧಾರವಾಯಿತು. ದಾವಣಗೆರೆಯಲ್ಲಿ ಭಟ್ಟಿಗಳ ಹೆಸರು ಒಂದು ಬಡಾವಣೆಗೇ ಅಂಟಿಕೊಂಡಿದೆ. ನೆನೆಸಿ, ಹುರಿದು, ಸಿಪ್ಪೆ ತೆಗೆಸಿದ ಅಕ್ಕಿಗೆ ಉಪ್ಪುನೀರು ಹಚ್ಚಿ ಕಾದ ಮರಳಿಗೆ ಸುರಿದರೆ ಕೆಲವೇ ಸೆಕೆಂಡುಗಳಲ್ಲಿ ಅರಳುತ್ತದೆ. ಅಲ್ಲಿಂದಾಚೆಗೆ ಅದರ ಶತ್ರು ಒಂದೇ: ತೇವ.

ಭಟ್ಟಿಯ ಮಾಲು ಕೊಂಡು ಮಾರುವ ಸಣ್ಣ ವ್ಯಾಪಾರಿಗೆ ಎಲ್ಲ ಮಾರುಕಟ್ಟೆಯೂ ಬಾಗಿಲು ತೆರೆಯುವುದಿಲ್ಲ. ತಮಿಳುನಾಡಿನಲ್ಲಿ 1999ರಲ್ಲಿ ಮದುರೈಯಿಂದ ಶುರುವಾದ ಉಳವರ್ ಸಂದೈ ಗುರುತಿನ ಚೀಟಿ ಇರುವ ರೈತರಿಗಾಗಿಯೇ ಇದೆ. ದಲ್ಲಾಳಿಯನ್ನು ದೂರವಿಡಲು ಮಾಡಿದ ನಿಯಮ ಅದು. ಆದರೆ ಬೆಳೆಯದೆ ಬರೀ ತಯಾರಿಸುವವನು, ತಯಾರಿಸಿದ್ದನ್ನು ಕೊಂಡು ಮಾರುವವನು ಅದರಿಂದ ಹೊರಗುಳಿಯುತ್ತಾನೆ. ನಮ್ಮ ವಾರದ ಸಂತೆಗೆ ಈ ಮಡಿ ಇಲ್ಲ. ಸೊಪ್ಪು ತಂದ ರೈತನ ಪಕ್ಕದಲ್ಲೇ ಬಳೆಯವನು, ಒಣಮೀನಿನವಳು, ಮಂಡಕ್ಕಿಯವನು ಕೂರಬಹುದು. ಸಣ್ಣ ವ್ಯಾಪಾರಿಯ ಮಟ್ಟಿಗೆ ಇದೇ ಸಂತೆಯ ದೊಡ್ಡ ಗುಣ.

ಕೂರಬಹುದು ಎಂದ ಮಾತ್ರಕ್ಕೆ ಜಾಗ ಸಿಕ್ಕಿತು ಎಂದಲ್ಲ. ಹಳಬರ ಜಾಗ ಕಾಗದದಲ್ಲಿ ಇಲ್ಲದಿದ್ದರೂ ಸಂತೆಯ ನೆನಪಿನಲ್ಲಿ ಗಟ್ಟಿಯಾಗಿರುತ್ತದೆ. ಹೊಸಬನಿಗೆ ಸಿಗುವುದು ಮೂಲೆ, ಇಲ್ಲವೇ ಬಿಸಿಲು. ನೆಲಕ್ಕೆ ಸುಂಕವೂ ಉಂಟು. ಸುಂಕ ಎತ್ತುವ ಹಕ್ಕನ್ನು ಹರಾಜು ಹಾಕುವ ಪದ್ಧತಿ ಇರುವ ಕಡೆ ಅದನ್ನು ವಸೂಲಿ ಮಾಡುವುದು ಗುತ್ತಿಗೆದಾರ. ರಸೀದಿ ಕೇಳಿ ಇಟ್ಟುಕೊಳ್ಳುವುದು ಜಾಣತನ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಜನ ರೂಢಿಯಿಂದ ಸೇರಿ ಕೊಂಡು ಮಾರುವ ತಾಣವನ್ನು ಸಹಜ ಮಾರುಕಟ್ಟೆ ಎಂದು ಗುರುತಿಸಿದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. 2020ರಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ ನಗರದ ಬೀದಿ ವ್ಯಾಪಾರಿಗಳಿಗೆ ಅಡಮಾನವಿಲ್ಲದೆ ಮೊದಲ ಕಂತಿಗೆ 10,000 ರೂಪಾಯಿ ಸಾಲ ಇಟ್ಟರು. ಮಂಡಕ್ಕಿ ವ್ಯಾಪಾರಕ್ಕೆ ಬಂಡವಾಳವಾಗಿ ಅದು ತೀರ ಸಣ್ಣ ಮೊತ್ತವೇನಲ್ಲ.

ಇನ್ನು ಅಳತೆ. ದಶಮಾಂಶ ತೂಕದ ಕಾಯ್ದೆ ಬಂದದ್ದು 1956ರಲ್ಲಿ. ಸೇರಿಗೆ ಕಾನೂನಿನಲ್ಲಿ ಜಾಗ ಹೋಗಿ ದಶಕಗಳೇ ಕಳೆದಿವೆ. ಮಂಡಕ್ಕಿ ಮಾತ್ರ ಸೇರನ್ನು ಬಿಟ್ಟುಕೊಟ್ಟಿಲ್ಲ, ಅದಕ್ಕೆ ಕಾರಣವೂ ಇದೆ: ತಕ್ಕಡಿಗೆ ಹಾಕಿದರೆ ಚೀಲಗಟ್ಟಲೆ ಮಾಲೂ ಹಗುರ, ಕಣ್ಣಿಗೆ ಮಾತ್ರ ರಾಶಿ. ಒತ್ತಿ ತುಂಬಿದರೆ ಕಾಳು ಮುರಿಯುತ್ತದೆ, ಸಡಿಲವಾಗಿ ಸುರಿದರೆ ಗಿರಾಕಿ ಮುಖ ಸಿಂಡರಿಸುತ್ತಾಳೆ. ಆದ್ದರಿಂದ ಸೇರಿನ ಬಾಯಿ ಮೀರಿ ಗೋಪುರ ಏಳಬೇಕು, ಅಂಚಿನಿಂದ ನಾಲ್ಕು ಕಾಳು ಉದುರಬೇಕು. ಅದನ್ನು ಚೀಲಕ್ಕೆ ಸುರಿದ ಮೇಲೂ “ಇನ್ನೊಂಚೂರು ಹಾಕಣ್ಣ” ಎಂಬ ಮಾತು ಬಂದೇ ಬರುತ್ತದೆ. ಆಗ ಹಾಕುವ ಒಂದು ಹಿಡಿಯೇ ಕೊಸರು. ಪ್ರತಿ ಸೇರಿಗೆ ಇಪ್ಪತ್ತನೇ ಒಂದು ಪಾಲು ಕೊಸರು ಎಂದಿಟ್ಟುಕೊಂಡರೆ, 20 ಸೇರು ಮಾರುವಷ್ಟರಲ್ಲಿ ಒಂದು ಸೇರು ಪುಕ್ಕಟೆ ಹೋಗಿರುತ್ತದೆ. ಪಳಗಿದವನು ಇದನ್ನು ಬೆಲೆಯಲ್ಲಿ ಮೊದಲೇ ಸೇರಿಸಿರುತ್ತಾನೆ. ಹೊಸಬ ಕೊಸರು ಕೊಡದೆ ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ, ಇಲ್ಲವೇ ಕೊಟ್ಟು ಕೊಟ್ಟು ಅಸಲನ್ನೇ ಕಳೆದುಕೊಳ್ಳುತ್ತಾನೆ.

ಪ್ಯಾಕೆಟ್ ಮಾಡಿದರೆ ಕೊಸರಿನ ಕಾಟ ತಪ್ಪುತ್ತದೆ, ಬೇರೆ ಜವಾಬ್ದಾರಿ ಹೆಗಲೇರುತ್ತದೆ. ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ವಿಳಾಸ, ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಯ ಸಂಖ್ಯೆ ಎಲ್ಲವೂ ಅಚ್ಚಾಗಬೇಕು. ಬಿಡಿ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ಲೇಬಲ್ ಹಚ್ಚಿ ಪ್ಯಾಕ್ ಮಾಡಿದ್ದಕ್ಕೆ 2022ರ ಜುಲೈನಲ್ಲಿ ಶೇ 5ರ ತೆರಿಗೆ ಬಿತ್ತು. ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟದವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಸಂತೆಯ ಗಿರಾಕಿಗಂತೂ ಪ್ಯಾಕೆಟ್ಟಿನ ಮೇಲೆ ನಂಬಿಕೆ ಕಡಿಮೆ. ನಾಲ್ಕು ಕಾಳು ಬಾಯಿಗೆ ಹಾಕಿ, ಗರಿಗರಿ ಸದ್ದು ಕೇಳಿದ ಮೇಲೆಯೇ ಚೀಲದ ಬಾಯಿ ಬಿಚ್ಚುವುದು.

ಇನ್ನು ಸಾಗಣೆ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ದೂರ ಹೆಚ್ಚಲ್ಲ, ಬಾಡಿಗೆ ಹೆಚ್ಚು. ಮಂಡಕ್ಕಿಯ ತೂಕ ಇಲ್ಲದಷ್ಟು ಕಡಿಮೆಯಾದರೂ ಗಾಡಿಯಲ್ಲಿ ಅದು ಹಿಡಿಯುವ ಜಾಗ ಬಹಳ. ಅಷ್ಟೇ ಬಾಡಿಗೆಗೆ ಈರುಳ್ಳಿಯವನು ಹಲವು ಪಟ್ಟು ಬೆಲೆಯ ಮಾಲು ಸಾಗಿಸುತ್ತಾನೆ. ಹಾಗಾಗಿ ಹರಿಹರಕ್ಕೆ ಹೋಗುವವನು ಬರೀ ಮಂಡಕ್ಕಿ ಒಯ್ಯದೆ ಖಾರಾ, ಹುರಿಗಡಲೆ, ಶೇಂಗಾವನ್ನೂ ಜೊತೆಗಿಡುತ್ತಾನೆ. ಮಂಡಕ್ಕಿ ಗಿರಾಕಿಯನ್ನು ಕರೆಯುತ್ತದೆ, ಖಾರಾ ದುಡ್ಡು ತರುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕವೂ ಕೈಕೊಡುತ್ತದೆ. ತುಂಗಭದ್ರೆಯ ಕಡೆಯಿಂದ ತಂಪು ಗಾಳಿ ಎದ್ದ ಸಂಜೆ ಬಾಯಿ ಬಿಚ್ಚಿದ ಚೀಲ ಮೆತ್ತಗಾಗತೊಡಗುತ್ತದೆ. ಆಗ ದರ ಇಳಿಸುವುದಕ್ಕಿಂತ ಒಗ್ಗರಣೆ ಮಂಡಕ್ಕಿ ಮಾಡುವ ಗಾಡಿಯವನಿಗೆ ಉಳಿದದ್ದನ್ನೆಲ್ಲ ಒಟ್ಟಿಗೆ ಕೊಡುವುದೇ ವಾಸಿ. ಅವನು ಹೇಗೂ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿಯೇ ಬಾಣಲೆಗೆ ಹಾಕುವವನು.