ಸಡಿಲಗೊಂಡ ಸ್ಕೀ ಬೂಟು

ಹೊಸ ಮೆಟ್ಟು ಕಚ್ಚುತ್ತದೆ, ಹಳೆಯ ಮೆಟ್ಟು ಒಗ್ಗುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಚರ್ಮವು ಮೆಟ್ಟಿದವರ ಕಾಲಿನ ಆಕಾರಕ್ಕೆ ಬಾಗಿ, ಉಬ್ಬಿದಲ್ಲಿ ಉಬ್ಬಿ, ತಗ್ಗಿದಲ್ಲಿ ತಗ್ಗಿ, ಹಳತಾದಷ್ಟೂ ಹಿತವಾಗುತ್ತದೆ. ಹಿಮದ ಇಳಿಜಾರಿನಲ್ಲಿ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಜಾರುವವರ ಬೂಟಿನ ಮಟ್ಟಿಗೆ ಮಾತ್ರ ಈ ನ್ಯಾಯ ತಲೆಕೆಳಗಾಗುತ್ತದೆ. ಅಲ್ಲಿ ಬೂಟು ಬಹಳ ಹಿತವಾಗಿದೆ ಎಂದು ಯಾರಾದರೂ ಹೇಳಿದರೆ, ಅದು ಕೆಟ್ಟಿರಬಹುದೇ ಎಂದು ಅನುಮಾನಿಸುವುದು ಲೇಸು.

ಸ್ಕೀ ಬೂಟು ನಡೆಯುವುದಕ್ಕಾಗಿ ಹುಟ್ಟಿದ ಪಾದರಕ್ಷೆಯಲ್ಲ. ನಡೆಯುವುದಕ್ಕೆ ಅದರಷ್ಟು ಅನನುಕೂಲವಾದ ವಸ್ತು ಮತ್ತೊಂದಿಲ್ಲ. ಕಾಲಿಗೂ ಹಲಗೆಗೂ ನಡುವೆ ಅದೊಂದು ಹಿಡಿಕೆ. ಕೊಡಲಿಯ ಕಾವು ಸಡಿಲವಾದರೆ ಏಟು ಎಲ್ಲಿ ಬಿದ್ದೀತೆಂದು ಹೇಳಲು ಬರುವುದಿಲ್ಲ, ಇಲ್ಲಿಯೂ ಹಾಗೆಯೇ. ಜಾರುವವನು ಕಣಕಾಲನ್ನು ಬೂಟಿನ ನಾಲಗೆಗೆ ಒತ್ತಿ ಮುಂದಕ್ಕೆ ಬಾಗಿದಾಗ ಹಲಗೆಯ ಮುಂಭಾಗಕ್ಕೆ ಭಾರ ಬೀಳುತ್ತದೆ; ಪಾದವನ್ನು ಪಕ್ಕಕ್ಕೆ ವಾಲಿಸಿದಾಗ ಹಲಗೆಯ ಉಕ್ಕಿನ ಅಂಚು ಹಿಮವನ್ನು ಕಚ್ಚಿ ತಿರುವು ಹುಟ್ಟುತ್ತದೆ. ಪಾದಕ್ಕೂ ಬೂಟಿಗೂ ನಡುವೆ ಕೆಲವೇ ಮಿಲಿಮೀಟರ್ ಖಾಲಿ ಜಾಗವಿದ್ದರೂ ಕಾಲು ಮೊದಲು ಆ ಜಾಗವನ್ನು ದಾಟಬೇಕು, ಅನಂತರ ಅದರ ಅಪ್ಪಣೆ ಹಲಗೆಗೆ ತಲುಪಬೇಕು. ವೇಗದಲ್ಲಿರುವಾಗ ಈ ವಿಳಂಬ ಸಣ್ಣದಲ್ಲ. ಹಿಮ್ಮಡಿ ಒಳಗೇ ಮೇಲೇಳುತ್ತದೆ, ಬೆರಳುಗಳು ಮುಂದಿನ ಗೋಡೆಗೆ ಬಡಿದು ಉಗುರು ಕಪ್ಪಾಗುತ್ತದೆ. ಕಲಿಯುವವನು ತನಗೆ ಈ ವಿದ್ಯೆ ಒಲಿಯದೆಂದು ಕೈಚೆಲ್ಲುತ್ತಾನೆ. ಇಲ್ಲವೇ ಬಕಲ್ಲುಗಳನ್ನು ಪ್ರಾಣ ಹೋಗುವಂತೆ ಬಿಗಿಯುತ್ತಾನೆ. ಎರಡನೆಯದು ಹೆಚ್ಚು ಅಪಾಯಕರ. ಪಾದದ ಮೇಲುಬ್ಬಿನ ಮೇಲೆ, ಚರ್ಮದ ಕೆಳಗೇ, ಬೆರಳುಗಳಿಗೆ ರಕ್ತವೊಯ್ಯುವ ಧಮನಿ ಹರಿಯುತ್ತದೆ. ಅದನ್ನು ಅದುಮಿದರೆ ಬೆರಳು ಜೋಮು ಹಿಡಿಯುತ್ತದೆ; ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ರಕ್ತವಿಲ್ಲದ ಬೆರಳಿಗೆ ಹಿಮಕಡಿತವಾಗಲು ಬಹಳ ಹೊತ್ತು ಬೇಕಿಲ್ಲ.

ಹಿಂದೆ ಈ ಬೂಟುಗಳೂ ಚರ್ಮದವೇ ಆಗಿದ್ದವು, ಲಾಡಿಯಿಂದ ಕಟ್ಟುತ್ತಿದ್ದರು, ಒಂದೆರಡು ಚಳಿಗಾಲದಲ್ಲಿ ಮೆತ್ತಗಾಗುತ್ತಿದ್ದವು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲಾಡಿಯ ಬದಲು ಲೋಹದ ಬಕಲ್ಲು ಬಂದಿತು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗ್ ಎಂಬವರು ಪ್ಲಾಸ್ಟಿಕ್ಕಿನ ಬೂಟನ್ನು ಮಾರಾಟಕ್ಕೆ ತಂದರು. ಅಲ್ಲಿಂದೀಚೆಗೆ ಈ ಬೂಟು ಎರಡು ಬೂಟುಗಳಾಗಿದೆ: ಹೊರಗೆ ಕರಟದಂಥ ಗಡಸು ಚಿಪ್ಪು, ಒಳಗೆ ಫೋಮ್ ತುಂಬಿದ ಮೆತ್ತನೆಯ ಒಳಬೂಟು. ಚಿಪ್ಪು ಬಹುಕಾಲ ತನ್ನ ಆಕಾರವನ್ನು ಬಿಡುವುದಿಲ್ಲ. ಸೋಲುವುದು ಒಳಬೂಟು. ಫೋಮ್ ಎಂದರೆ ಗಾಳಿಯ ಸಣ್ಣ ಸಣ್ಣ ಕೋಶಗಳ ರಾಶಿ. ಕಾಲಿನ ಒತ್ತಡಕ್ಕೆ ಅವು ದಿನದಿನವೂ ಚಪ್ಪಟೆಯಾಗುತ್ತವೆ. ಹತ್ತಿಯ ಹಾಸಿಗೆ ಗಂಟುಕಟ್ಟಿದರೆ ಹಿಂಜಿ ಮತ್ತೆ ತುಂಬಿಸಬಹುದು, ಫೋಮನ್ನು ಹಿಂಜುವವರಿಲ್ಲ. ಹೀಗೆ ಕೊಂಡಾಗ ಸರಿಯಾಗಿದ್ದ ಬೂಟು ನಾಲ್ಕಾರು ವಾರ ಮೆಟ್ಟಿದ ಮೇಲೆ ಅರ್ಧ ಅಳತೆಯಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ದೊಡ್ಡದಾದಂತೆ ತೋರುತ್ತದೆ.

ಹೊಸ ಜೊತೆ ಕೊಳ್ಳಬಾರದೇ ಎಂದರೆ, ಒಳ್ಳೆಯ ಜೊತೆಯ ಬೆಲೆ ಹತ್ತಾರು ಸಾವಿರ ರೂಪಾಯಿ. ಆಲ್ಪ್ಸ್ ಪರ್ವತದ ಹಳ್ಳಿಗಳಲ್ಲಿಯೂ ಅಣ್ಣನ ಬೂಟು ತಮ್ಮನಿಗೆ ಬರುವುದುಂಟು. ನಮ್ಮ ಗುಲ್ಮಾರ್ಗಿನಲ್ಲಿ, ಔಲಿಯಲ್ಲಿ, ಬೆಂಗಳೂರು ಮೈಸೂರುಗಳಿಂದ ಹೋದ ಹುಡುಗರು ಬಾಡಿಗೆಗೆ ತೊಡುವ ಬೂಟುಗಳಂತೂ ಎಷ್ಟು ಕಾಲುಗಳನ್ನು ಕಂಡಿರುತ್ತವೆಯೋ! ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗಿನಿಂದ ತಂತಿಹಾದಿ 3,950 ಮೀಟರಿನ ಸುಮಾರಿಗೆ ಒಯ್ದು ಬಿಡುತ್ತದೆ. ಅಷ್ಟೆತ್ತರದಿಂದ ಕೆಳಗಿಳಿಯಲು ಹೊರಟವನ ಹಿಮ್ಮಡಿ ಬೂಟಿನೊಳಗೆ ಕುಣಿಯುತ್ತಿದ್ದರೆ ಅದನ್ನು ಬರಿಯ ಅನನುಕೂಲವೆಂದು ತಳ್ಳಿಹಾಕುವಂತಿಲ್ಲ. ಆದುದರಿಂದ ಕಡಿಮೆ ಖರ್ಚಿನಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ತಿಳಿದಿರುವುದು ಒಳಿತು.

ಅಸಾಧ್ಯವನ್ನು ಮೊದಲು ಗುರುತಿಸಬೇಕು. ಒಳಬೂಟನ್ನು ಹೊರಗೆ ಎಳೆದು, ಬರಿಗಾಲನ್ನು ಖಾಲಿ ಚಿಪ್ಪಿನೊಳಗೆ ಇಟ್ಟು, ಬೆರಳುಗಳು ಮುಂದಿನ ಗೋಡೆಯನ್ನು ಮೆಲ್ಲನೆ ಮುಟ್ಟುವಂತೆ ನಿಲ್ಲಿರಿ. ಈಗ ಹಿಮ್ಮಡಿಯ ಹಿಂದೆ ಎಷ್ಟು ತೆರವಿದೆ? ಒಂದೂವರೆಯಿಂದ ಎರಡು ಸೆಂಟಿಮೀಟರ್, ಎಂದರೆ ಒಂದೆರಡು ಬೆರಳು ತೂರುವಷ್ಟಿದ್ದರೆ ಚಿಪ್ಪು ನಿಮ್ಮ ಕಾಲಿಗೆ ಸರಿಯಾದುದು. ಒಳಗಿನದನ್ನು ಸರಿಪಡಿಸಿದರೆ ಸಾಕು. ಮೂರು ಬೆರಳು ಸಲೀಸಾಗಿ ಹೋದರೆ ಚಿಪ್ಪೇ ದೊಡ್ಡದು. ಏನು ತುರುಕಿದರೂ ಅದು ಹೊಂದುವುದಿಲ್ಲ, ಅದಕ್ಕೆ ಹಣ ಹಾಕುವುದು ದಂಡ. ಅಂಗಡಿಯಲ್ಲಿ ಅರ್ಧ ಅಳತೆಗಳ ಮಾತು ಬರುತ್ತದೆ. ಈ ಬೂಟುಗಳ ಅಳತೆ ಪಾದದ ಉದ್ದದ ಸೆಂಟಿಮೀಟರುಗಳಲ್ಲಿ ಇರುತ್ತದೆ, 26ಕ್ಕೂ 26.5ಕ್ಕೂ ಸಾಮಾನ್ಯವಾಗಿ ಚಿಪ್ಪು ಒಂದೇ, ವ್ಯತ್ಯಾಸವೆಲ್ಲ ಒಳಗಿನ ಹಾಸಿನದು. ಈ ಸಂಗತಿ ತಿಳಿಯದೆ ಅರ್ಧ ಅಳತೆ ಕಡಿಮೆಯ ಬೂಟಿಗೆ ಹಣ ತೆರುವವರನ್ನು ಕಂಡರೆ ಮರುಕವಾಗುತ್ತದೆ.

ಚಿಪ್ಪು ಸರಿಯಿದೆ ಎಂದಾದ ಮೇಲೆ, ಕಾಸೂ ಖರ್ಚಿಲ್ಲದ ಉಪಾಯಗಳಿಂದ ಆರಂಭಿಸಬೇಕು. ಸಡಿಲವಾದೊಡನೆ ಎರಡು ಜೊತೆ ಕಾಲುಚೀಲ ತೊಡುವುದು ಸಹಜ ಬುದ್ಧಿ. ಆದರೆ ಅದು ತಪ್ಪು ಬುದ್ಧಿ. ಒಂದರ ಮೇಲೊಂದು ಚೀಲ ಜಾರುತ್ತದೆ, ನೆರಿಗೆ ಬೀಳುತ್ತದೆ, ಬೆವರು ಹಿಡಿದು ಕಾಲನ್ನು ತಣ್ಣಗೆ ಮಾಡುತ್ತದೆ. ತೆಳುವಾದ, ಮೊಣಕಾಲಿನವರೆಗೆ ಬರುವ ಉಣ್ಣೆಯ ಚೀಲ ಒಂದೇ ಸಾಕು. ಒಳ ಉಡುಪಿನ ಅಂಚನ್ನು ಬೂಟಿನೊಳಗೆ ಸಿಕ್ಕಿಸಬಾರದು. ಬೂಟು ತೊಟ್ಟ ಮೇಲೆ ಹಿಮ್ಮಡಿಯನ್ನು ಎರಡು ಬಾರಿ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊಣಕಾಲನ್ನು ಮುಂದಕ್ಕೆ ಬಾಗಿಸಿ, ಮೊದಲು ಕಣಕಾಲಿನ ಬುಡದ ಬಕಲ್ಲನ್ನು ಹಾಕಬೇಕು. ಹಿಮ್ಮಡಿಯನ್ನು ಅದರ ಗೂಡಿಗೆ ತಳ್ಳುವ ಕೆಲಸ ಅದರದು. ಬೆರಳುಗಳ ಮೇಲಿನ ಬಕಲ್ಲು ಚಿಪ್ಪಿನ ಬಾಯಿ ಮುಚ್ಚಿದರೆ ಸಾಕು, ಬಿಗಿಯಬೇಕಾದುದಿಲ್ಲ. ಬಹಳಷ್ಟು ಬೂಟುಗಳಲ್ಲಿ ಬಕಲ್ಲಿನ ತಂತಿಯನ್ನು ತಿರುಪಿದರೆ ಕೆಲವು ಮಿಲಿಮೀಟರ್ ಉದ್ದ ಕಡಿಮೆಯಾಗುತ್ತದೆ. ಕೆಲವದರಲ್ಲಿ ಹಲ್ಲುಪಟ್ಟಿಯನ್ನೇ ತಿರುಪುಮೊಳೆ ಬಿಚ್ಚಿ ಮುಂದಿನ ರಂಧ್ರಕ್ಕೆ ಸರಿಸಬಹುದು. ಬೂಟು ಕೈಬಿಡುವವರಲ್ಲಿ ಎಷ್ಟೋ ಮಂದಿ ಇದನ್ನು ಮಾಡಿ ನೋಡಿರುವುದಿಲ್ಲ.

ಇನ್ನು ಒತ್ತು ಕೊಡುವ ಕೆಲಸ. ಅಲುಗಾಡುವ ಮೇಜಿನ ಕಾಲಿಗೆ ಚಕ್ಕೆ ಕೊಡುವ ವಿದ್ಯೆಯೇ ಇದು. ಎಲ್ಲಿ ಕೊಡಬೇಕೆಂಬುದರಲ್ಲಿ ಮಾತ್ರ ಜಾಣತನ ಬೇಕು. ಪಾದದ ಮೇಲ್ಭಾಗದಲ್ಲಿ ಜಾಗ ಉಳಿದು, ಇಡೀ ಪಾದ ಮೇಲೆ ಕೆಳಗೆ ಆಡುತ್ತಿದ್ದರೆ, ಒಳಬೂಟಿನ ಕೆಳಗೆ ಪೂರ್ತಿ ಉದ್ದದ ಒಂದು ಪದರ ಹಾಸಬೇಕು. ಬೂಟು ಹೊಲಿಯುವವರು ಅಂಗಾಲಿನೊಳಗೆ ಬಳಸುವ ಗಟ್ಟಿಯಾಗಿ ಒತ್ತಿದ ಹಾಳೆ ಎರಡು ಮಿಲಿಮೀಟರ್ ದಪ್ಪದ್ದು ಸಿಕ್ಕರೆ ಅದೇ ಉತ್ತಮ. ಮೋಚಿಯ ಬಳಿ ಕೇಳಿದರೆ ಅಲ್ಪ ಬೆಲೆಗೆ ದೊರೆಯುತ್ತದೆ. ಪೆಟ್ಟಿಗೆಯ ರಟ್ಟು ಪ್ರಯೋಗಕ್ಕೆ ಮಾತ್ರ, ಒದ್ದೆಯಾದರೆ ಅಂಬಲಿಯಾಗುತ್ತದೆ. ಒಳಬೂಟಿನಲ್ಲಿರುವ ತೆಳು ಅಂಗಾಲುಹಾಸನ್ನು ಹೊರಗೆ ತೆಗೆದು, ಅದರ ಸುತ್ತ ಗೆರೆ ಎಳೆದು ಕತ್ತರಿಸಿದರೆ ಆಕಾರ ಸಿದ್ಧ. ಮೊದಲು ಒಂದು ಪದರ, ಸಾಲದಿದ್ದರೆ ಮತ್ತೊಂದು. ಒಂದೇ ಸಲ ದಪ್ಪನಾದುದನ್ನು ತುರುಕಿದರೆ ಮೇಲುಬ್ಬು ಚಿಪ್ಪಿನ ಸೂರಿಗೆ ತಾಗಿ, ನಾನು ಮೊದಲೇ ಹೇಳಿದ ಆ ಧಮನಿಗೆ ಮತ್ತೆ ಕಷ್ಟ.

ಆದರೆ ಸಾಮಾನ್ಯವಾಗಿ ದೂರು ಹಿಮ್ಮಡಿಯದು. ಕಾಲ್ಗಿಣ್ಣಿನ ಎರಡು ಪಕ್ಕದಲ್ಲಿಯೂ, ಮೂಳೆಯ ಹಿಂದೆ ಮತ್ತು ಕೆಳಗೆ, ಒಂದು ತಗ್ಗು ಇರುವುದನ್ನು ನೀವು ಬೆರಳಿನಿಂದ ತಡಕಿ ನೋಡಬಹುದು. ಒಳಬೂಟು ಹೊಸದಾಗಿದ್ದಾಗ ಅದರ ಫೋಮ್ ಈ ತಗ್ಗನ್ನು ತುಂಬಿಕೊಂಡು ಹಿಮ್ಮಡಿಯನ್ನು ಮೇಲೇಳದಂತೆ ಹಿಡಿದಿರುತ್ತದೆ. ಮೊದಲು ಕುಗ್ಗುವುದೂ ಅಲ್ಲಿಯೇ. ಆದುದರಿಂದ ಅಲ್ಲಿಯೇ ತುಂಬಬೇಕು. ಒಳಬೂಟನ್ನು ಮಾತ್ರ ತೊಟ್ಟು, ಹೊರಗಿನಿಂದ ಗಿಣ್ಣಿನ ಮೂಳೆಯನ್ನು ಒತ್ತಿ ಗುರುತಿಸಿ, ಸೀಮೆಸುಣ್ಣದಿಂದ ಸುತ್ತ ಗೆರೆ ಹಾಕಿಕೊಳ್ಳಿರಿ. ಮೂರರಿಂದ ಐದು ಮಿಲಿಮೀಟರ್ ದಪ್ಪದ ಗಟ್ಟಿ ಫೋಮಿನಿಂದ ಕುದುರೆಯ ಲಾಳದ ಅರ್ಧದಂಥ ತುಣುಕನ್ನು ಕತ್ತರಿಸಿ, ಆ ಗೆರೆಯ ಹಿಂಬದಿಗೂ ಕೆಳಬದಿಗೂ ಬರುವಂತೆ ಅಂಟಿಸಬೇಕು. ಮೂಳೆಯ ಮೇಲೆ ಒಂದು ಎಳೆಯೂ ಬರಕೂಡದು. ಬಂದರೆ ಒಂದೇ ಗಂಟೆಯಲ್ಲಿ ಬೂಟು ಕಳಚಿ ಎಸೆಯಬೇಕೆನಿಸುತ್ತದೆ. ಅಂಚುಗಳನ್ನು ಚಾಕುವಿನಿಂದ ಓರೆಯಾಗಿ ಹೆರೆದು, ಮೇಲೆ ಅಗಲವಾದ ಬಟ್ಟೆಯ ಅಂಟುಪಟ್ಟಿ ಸುತ್ತಿದರೆ ಬೂಟನ್ನು ತೊಡುವಾಗ ಕಿತ್ತು ಬರುವುದಿಲ್ಲ. ತುಣುಕನ್ನು ಒಳಬೂಟಿನ ಹೊರಮೈಗೆ ಅಂಟಿಸಬೇಕೇ ಹೊರತು ಕಾಲಿಗೆ ತಾಗುವ ಒಳಮೈಗಲ್ಲ. ಇದಕ್ಕೆಂದೇ ಮಾರುವ ತುಣುಕುಗಳಿವೆ. ಇಲ್ಲದಲ್ಲಿ ಶಿಬಿರದಲ್ಲಿ ಮಲಗಲು ಹಾಸುವ ಗಟ್ಟಿ ಚಾಪೆಯ ಚೂರು ಆಗುತ್ತದೆ. ಉಗುರಿನಿಂದ ಒತ್ತಿ ನೋಡಿ: ಗುರುತು ಉಳಿಯದೆ ಒಡನೆ ಮೇಲೆದ್ದರೆ ಬಳಸಬಹುದು, ತಗ್ಗು ಹಾಗೆಯೇ ನಿಂತರೆ ಅದು ಎರಡು ದಿನದ ಬಾಳು.

ಕಣಕಾಲು ತೆಳ್ಳಗಿರುವವರು ಒಳಬೂಟಿನ ನಾಲಗೆಯ ಹೊರಮೈಗೆ ಇಂಥದೇ ತೆಳು ಪದರ ಕೊಡಬಹುದು. ಹಿಮ್ಮಡಿಯ ಕೆಳಗೆ ಬೆಣೆಯಿಡುವ ಸಲಹೆಯನ್ನು ಬಹಳ ಮಂದಿ ಕೊಡುತ್ತಾರೆ. ಗಿಣ್ಣು ಸಾಕಷ್ಟು ಮಡಿಸಲಾಗದವರಿಗೆ ಮೂರು ನಾಲ್ಕು ಮಿಲಿಮೀಟರಿನ ಬೆಣೆ ನಿಜಕ್ಕೂ ಸಹಾಯಕ. ಅದಕ್ಕಿಂತ ಹೆಚ್ಚಾದರೆ ಹಿಮ್ಮಡಿಯನ್ನು ಅದರ ಗೂಡಿನಿಂದಲೇ ಮೇಲಕ್ಕೆತ್ತಿ, ಯಾವ ರೋಗಕ್ಕೆ ಮದ್ದೋ ಅದನ್ನೇ ಹೆಚ್ಚಿಸುತ್ತದೆ.

ಇಷ್ಟಾದರೂ ಒಳಬೂಟು ಹಿಡಿಯದೆ ಹೋದರೆ ಅದು ಮುಗಿದಿದೆ ಎಂದರ್ಥ. ಆಗಲೂ ಚಿಪ್ಪನ್ನು ಎಸೆಯಬೇಕಿಲ್ಲ. ಒಳಬೂಟು ಬೇರೆಯಾಗಿಯೇ ಮಾರಾಟಕ್ಕಿದೆ, ಪೂರ್ತಿ ಬೂಟಿಗಿಂತ ಅಗ್ಗ. ಕೆಲವು ಒಳಬೂಟುಗಳ ಫೋಮ್ ಕಾಯಿಸಿದಾಗ ಮತ್ತೆ ಉಬ್ಬುವ ಜಾತಿಯದು. ಬಲ್ಲ ಅಂಗಡಿಯವರು ಬಿಸಿಗಾಳಿಯಿಂದ ಅದನ್ನು ಮತ್ತೆ ಕಾಲಿಗೆ ಹೊಂದಿಸಿ ಕೊಡುತ್ತಾರೆ. ಮನೆಯ ಒಲೆಯ ಮೇಲೆ ಈ ಪ್ರಯೋಗ ಬೇಡ. ಒದ್ದೆಯಾದ ಬೂಟನ್ನು ಬೆಂಕಿಯ ಬಳಿ ಇಡುವುದೂ ಬೇಡ. ಒಳಬೂಟನ್ನು ಹೊರತೆಗೆದು ಗಾಳಿಗೆ ಒಣಗಿಸಿ, ಮರಳಿ ಹಾಕಿ, ಬಕಲ್ಲುಗಳನ್ನು ಸಡಿಲವಾಗಿ ಮುಚ್ಚಿಟ್ಟರೆ ಚಿಪ್ಪಿನ ಬಾಯಿ ಅಗಲಿಸುವುದಿಲ್ಲ.

ಕೈ ಹಾಕಬಾರದ ಭಾಗವೊಂದಿದೆ: ಚಿಪ್ಪಿನ ಹೊರಗಿನ ಅಟ್ಟೆ. ಬಿದ್ದಾಗ ಬೂಟನ್ನು ಹಲಗೆಯಿಂದ ಬಿಡುಗಡೆ ಮಾಡಿ ಕಾಲುಮೂಳೆಯನ್ನು ಉಳಿಸುವ ಯಂತ್ರ ಅಟ್ಟೆಯ ತುದಿಗಳನ್ನೇ ಹಿಡಿದಿರುತ್ತದೆ. ಅದರ ಉದ್ದ ಚಿಪ್ಪಿನ ಮೇಲೆ ಮಿಲಿಮೀಟರುಗಳಲ್ಲಿ ಅಚ್ಚಾಗಿರುತ್ತದೆ. ಯಂತ್ರವನ್ನು ಅದಕ್ಕೆ ಹೊಂದಿಸಿರುತ್ತಾರೆ. ಒಳಗೆ ಎಷ್ಟು ಒತ್ತು ಕೊಟ್ಟರೂ ಈ ಉದ್ದ ಬದಲಾಗದು, ಆದರೆ ಅಟ್ಟೆಗೆ ಅಂಟಿಸುವುದಾಗಲಿ ಉಜ್ಜುವುದಾಗಲಿ ಮಾಡಿದರೆ ಯಂತ್ರ ಬಿಡಬೇಕಾದಾಗ ಬಿಡದೆ ಹೋಗಬಹುದು.

ಹಳೆಯ ಬೂಟನ್ನು ಅಗ್ಗಕ್ಕೆ ಕೊಳ್ಳುವವರು ಇನ್ನೊಂದನ್ನು ನೋಡಬೇಕು. ಚಿಪ್ಪಿನ ಪ್ಲಾಸ್ಟಿಕ್ಕು, ಅದರಲ್ಲೂ ಪಾಲಿಯುರೆಥೇನಿನ ಕೆಲವು ಜಾತಿ, ಗಾಳಿಯ ತೇವವನ್ನು ಹೀರಿ ವರ್ಷಗಳು ಕಳೆದಂತೆ ಒಳಗೊಳಗೇ ಶಿಥಿಲವಾಗುತ್ತದೆ. ಬಳಸದೆ ಅಟ್ಟದ ಮೇಲಿಟ್ಟಿದ್ದರೂ ಬಿಡದು; ಹೊರನೋಟಕ್ಕೆ ಹೊಸದರಂತೆ ಹೊಳೆಯುತ್ತಿದ್ದ ಬೂಟು ಇಳಿಜಾರಿನ ನಡುವೆ ಚೂರಾದದ್ದುಂಟು. ಹತ್ತು ಹದಿನೈದು ವರ್ಷ ದಾಟಿದ ಜೊತೆಯಾದರೆ ಒತ್ತು ಕೊಡುವ ಮೊದಲು ಬಕಲ್ಲಿನ ಮೊಳೆಗಳ ಸುತ್ತ, ಗಿಣ್ಣಿನ ಕೀಲಿನ ಸುತ್ತ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿರಿ. ಇದ್ದರೆ ಬಕಲ್ಲುಗಳನ್ನು ಬಿಚ್ಚಿ ಬಿಡಿಭಾಗಕ್ಕೆ ಇಟ್ಟುಕೊಂಡು ಉಳಿದುದನ್ನು ಗುಜರಿಗೆ ಹಾಕುವುದೇ ಸರಿ.